ಮಳೆ ಹಿಡಿಯುವ ಮುನ್ನ ನಿಮ್ಮ ಸ್ಕೂಟರನ್ನೊಮ್ಮೆ ನೋಡಿಕೊಳ್ಳಿ

ಮೇ ತಿಂಗಳು ಬಂತೆಂದರೆ ಕರಾವಳಿಯ ಮನೆಗಳಲ್ಲಿ ಮಳೆಗಾಲದ ತಯಾರಿ ಶುರುವಾಗುತ್ತದೆ. ಒಡೆದ ಹಂಚು ಬದಲಾಯಿಸುತ್ತೇವೆ. ಸೌದೆ ಒಳಗೆ ಸೇರಿಸುತ್ತೇವೆ. ಹಪ್ಪಳ, ಉಪ್ಪಿನಕಾಯಿ, ಒಣಮೀನು ಡಬ್ಬಿ ತುಂಬುತ್ತವೆ. ಮಕ್ಕಳಿಗೆ ಕೊಡೆ, ರೈನ್‌ಕೋಟ್ ಬರುತ್ತವೆ. ಆದರೆ ಅಂಗಳದ ಮೂಲೆಯಲ್ಲಿ ನಿಂತಿರುವ ಸ್ಕೂಟರ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಜೂನ್ ತಿಂಗಳ ಒಂದು ಬೆಳಗ್ಗೆ, ಮಗುವನ್ನು ಶಾಲೆಗೆ ಬಿಡುವ ಹೊತ್ತಿಗೆ ಅದು ಸ್ಟಾರ್ಟ್ ಆಗದಿದ್ದಾಗ ಅಥವಾ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದಾಗಲಷ್ಟೇ ನೆನಪಾಗುತ್ತದೆ.

ಪತಿ ಗಲ್ಫ್‌ನಲ್ಲಿರುವ ಎಷ್ಟೋ ಮನೆಗಳಲ್ಲಿ ಶಾಲೆ, ಮದ್ರಸ, ಪಡಿತರ, ಆಸ್ಪತ್ರೆ, ಬ್ಯಾಂಕ್ ಎಲ್ಲವೂ ಮಹಿಳೆಯ ಸ್ಕೂಟರಿನ ಮೇಲೆಯೇ ನಡೆಯುತ್ತವೆ. ಓಡಿಸುವವರು ನೀವು. ಆದರೆ ಅದರ ಆರೈಕೆ ಮಾತ್ರ ಗಂಡಸರ ಕೆಲಸವೆಂದು ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ನಿಜ ಹೇಳಬೇಕೆಂದರೆ, ಅಡುಗೆ ಮನೆಯ ಮಿಕ್ಸಿ, ಗ್ರೈಂಡರುಗಳನ್ನು ನೋಡಿಕೊಳ್ಳುವವರಿಗೆ ಸ್ಕೂಟರಿನ ಆರೈಕೆ ಕಷ್ಟವೇನಲ್ಲ. ಮಳೆಗೆ ಮುನ್ನ ಒಂದು ಬೆಳಗ್ಗೆ ಮತ್ತು ಮೆಕ್ಯಾನಿಕ್ ಬಳಿಗೆ ಒಂದು ಭೇಟಿ ಸಾಕು.

ತುಕ್ಕು ಮಳೆಯಿಂದ ಮಾತ್ರ ಬರುವುದಿಲ್ಲ

ಕಬ್ಬಿಣಕ್ಕೆ ನೀರು ಮತ್ತು ಗಾಳಿ ತಗುಲಿದರೆ ತುಕ್ಕು ಹಿಡಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಆ ನೀರಿನಲ್ಲಿ ಉಪ್ಪಿನ ಅಂಶವಿದ್ದರೆ ತುಕ್ಕು ಇನ್ನಷ್ಟು ಬೇಗ ಹರಡುತ್ತದೆ. ಕೆನಡಾದಂತಹ ಚಳಿ ದೇಶಗಳಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಆದ್ದರಿಂದ ಅಲ್ಲಿನವರು ಚಳಿಗಾಲಕ್ಕೆ ಮುನ್ನವೇ ವಾಹನವನ್ನು ತೊಳೆದು ಮೇಣದ ಪಾಲಿಶ್ ಹಚ್ಚಿ ಸಿದ್ಧಪಡಿಸುತ್ತಾರೆ. ನಮ್ಮಲ್ಲಿ ಉಪ್ಪನ್ನು ಯಾರೂ ಎರಚಬೇಕಾಗಿಲ್ಲ. ಸಮುದ್ರದ ಗಾಳಿಯೇ ಅದನ್ನು ಹೊತ್ತು ತರುತ್ತದೆ. ಬೇಸಿಗೆಯುದ್ದಕ್ಕೂ ಧೂಳಿನೊಂದಿಗೆ ವಾಹನದ ಸಂದುಗಳಲ್ಲಿ ಕುಳಿತ ಈ ಉಪ್ಪು, ಮೊದಲ ಮಳೆಗೆ ಒದ್ದೆಯಾಗಿ ಕೆಲಸ ಆರಂಭಿಸುತ್ತದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ವಾಹನ ಸರಿಯಾಗಿ ಒಣಗುವುದೇ ಇಲ್ಲ. ಆದ್ದರಿಂದ ಉಪ್ಪನ್ನು ತೊಳೆದು ತೆಗೆಯಬೇಕಾದುದು ಮಳೆಗೆ ಮುನ್ನ.

ತೊಳೆಯುವ ಕ್ರಮ

ಸ್ಕೂಟರನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಾದ ಮೇಲೆ ತೊಳೆಯಿರಿ. ಮೊದಲು ಬರೀ ನೀರು ಹಾಕಿ ಧೂಳು ಇಳಿಸಿ. ಒಣ ಬಟ್ಟೆಯಿಂದ ಧೂಳು ಉಜ್ಜಿದರೆ ಬಣ್ಣದ ಮೇಲೆ ಸಣ್ಣ ಗೀರುಗಳು ಬೀಳುತ್ತವೆ. ಪಾತ್ರೆ ತೊಳೆಯುವ ಸೋಪು, ಬಟ್ಟೆಯ ಪುಡಿ ಬೇಡ. ಅವು ಬಣ್ಣದ ಮೇಲಿನ ಪಾಲಿಶನ್ನೂ ಕಿತ್ತುಬಿಡುತ್ತವೆ. ವಾಹನಕ್ಕೆಂದೇ ಸಿಗುವ ಶಾಂಪೂವನ್ನು ನೀರಿನಲ್ಲಿ ಕಲಸಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಮಡ್‌ಗಾರ್ಡಿನ ಒಳಭಾಗ, ಸ್ಟ್ಯಾಂಡಿನ ಬುಡ, ಕಾಲಿಡುವ ಜಾಗದ ಅಡಿಭಾಗ ಇವುಗಳನ್ನು ಮರೆಯಬೇಡಿ. ಮಣ್ಣು ಕಟ್ಟಿಕೊಂಡು ತುಕ್ಕು ಶುರುವಾಗುವುದೇ ಅಲ್ಲಿ. ಹಕ್ಕಿಯ ಹಿಕ್ಕೆ ಕಂಡರೆ ಕೂಡಲೇ ಒದ್ದೆ ಬಟ್ಟೆಯಿಂದ ತೆಗೆಯಿರಿ. ಒಣಗಲು ಬಿಟ್ಟರೆ ಬಣ್ಣದ ಮೇಲೆ ಕಲೆ ಶಾಶ್ವತವಾಗಿ ಉಳಿಯುತ್ತದೆ.

ಪೂರ್ತಿ ಒಣಗಿದ ಮೇಲೆ ಮೇಣದ ಪಾಲಿಶ್ ತೆಳುವಾಗಿ ಹಚ್ಚಿ ಒರೆಸಿ. ಕೆಸುವಿನ ಎಲೆಯ ಮೇಲಿನಿಂದ ನೀರು ಜಾರಿ ಹೋಗುವಂತೆ ಬಣ್ಣದ ಮೇಲಿನಿಂದಲೂ ಜಾರುತ್ತದೆ. ಆದರೆ ಸೀಟು, ಬ್ರೇಕ್, ಟಯರ್, ಕಾಲಿಡುವ ಜಾಗಗಳಿಗೆ ಪಾಲಿಶ್ ತಾಗಲೇಬಾರದು. ಅಲ್ಲಿ ಜಾರಿದರೆ ಅಪಾಯ.

ಬಣ್ಣ ಹೋಗಿ ಲೋಹ ಕಾಣುವ ಗೀರುಗಳಿದ್ದರೆ ಸ್ಯಾಂಡ್ ಪೇಪರಿನಿಂದ ಮೆಲ್ಲನೆ ಉಜ್ಜಿ, ತುಕ್ಕು ತೆಗೆದು, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಅದೇ ಬಣ್ಣದ ಟಚ್ ಅಪ್ ಪೇಂಟ್ ಹಚ್ಚಿ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಒಳಗಿಂದೊಳಗೆ ತುಕ್ಕು ಹರಡಿ, ಬಣ್ಣ ಹಪ್ಪಳದಂತೆ ಏಳುತ್ತದೆ.

ಕೆಲವರು ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಹೊಡೆಸುತ್ತಾರೆ. ಇದು ಒಳ್ಳೆಯದಲ್ಲ. ಅದು ರಬ್ಬರನ್ನು ಹಾಳು ಮಾಡುತ್ತದೆ, ಧೂಳನ್ನು ಹಿಡಿದಿಡುತ್ತದೆ. ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಅಂಗಳಕ್ಕೆ ಇಳಿದರೆ ಬಾವಿಯ ನೀರಿಗೂ ಕೇಡು.

ಮೆಕ್ಯಾನಿಕ್ ಬಳಿ ಕೇಳಬೇಕಾದುದು

‘ಸರ್ವೀಸ್ ಮಾಡಿಕೊಡಿ’ ಎಂದಷ್ಟೇ ಹೇಳಿ ಬರಬೇಡಿ. ಏನೇನು ನೋಡಬೇಕೆಂದು ಬಿಡಿಸಿ ಹೇಳಿ.

* ಬ್ರೇಕ್ ಶೂ ಎಷ್ಟು ಸವೆದಿದೆ? ಲಿವರನ್ನು ಹ್ಯಾಂಡಲಿನವರೆಗೆ ಒತ್ತಿದ ಮೇಲಷ್ಟೇ ಬ್ರೇಕ್ ಹಿಡಿಯುವುದಾದರೆ ಸರಿಪಡಿಸಲೇಬೇಕು. ಡಿಸ್ಕ್ ಬ್ರೇಕ್ ಇದ್ದರೆ ಅದರ ಆಯಿಲ್ ಕಾಲಕಾಲಕ್ಕೆ ಬದಲಾಗಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.

* ಬ್ರೇಕ್ ಮತ್ತು ಎಕ್ಸಿಲೇಟರ್ ಕೇಬಲುಗಳಿಗೆ ಆಯಿಲ್ ಬಿಟ್ಟಿದ್ದಾರೆಯೇ? ತುಕ್ಕು ಹಿಡಿದ ಕೇಬಲ್ ಬಿಗಿಯಾಗುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಸ್ಟ್ಯಾಂಡಿನ ಕೀಲಿಗೂ ಗ್ರೀಸ್ ಬೇಕು.

* ಟಯರಿನ ಗೆರೆಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟಯರ್ ಸವೆದು ಆ ಉಬ್ಬುಗಳ ಮಟ್ಟಕ್ಕೆ ಬಂದಿದ್ದರೆ ಮಳೆಗೆ ಮುನ್ನ ಬದಲಾಯಿಸಿ. ನೀರನ್ನು ಬದಿಗೆ ತಳ್ಳುವುದು ಆ ಗೆರೆಗಳೇ. ಮಳೆಗಾಲದಲ್ಲಿ ಗಾಳಿ ಕಡಿಮೆ ಇಟ್ಟರೆ ಒಳ್ಳೆಯದೆಂಬುದು ತಪ್ಪು ತಿಳುವಳಿಕೆ. ಕಂಪೆನಿ ಹೇಳಿದಷ್ಟೇ ಇರಲಿ.

* ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಶುಚಿಗೊಳಿಸಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿಸಿ.

* ಹಿಂದಿನ ಚಕ್ರದ ಸಾರಿ ಗಾರ್ಡ್ ಗಟ್ಟಿಯಾಗಿದೆಯೇ? ಅದರ ನಟ್ಟುಗಳು ತುಕ್ಕು ಹಿಡಿದು ಸಡಿಲವಾಗುತ್ತವೆ. ಬುರ್ಖಾ, ದುಪಟ್ಟಾಗಳನ್ನು ಚಕ್ರದಿಂದ ದೂರವಿಡುವುದು ಅದೇ. ರೈನ್‌ಕೋಟ್ ತೊಟ್ಟಾಗಲೂ ಅದರ ಅಂಚನ್ನು ಮಡಚಿ ಒಳಗೆ ಸೇರಿಸಿ ಕುಳಿತುಕೊಳ್ಳಿ.

ಪೆಟ್ರೋಲ್ ಮುಚ್ಚಳವೂ ಸಣ್ಣ ವಿಷಯವಲ್ಲ. ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಶೆಡ್ಡಿನಲ್ಲಿ ನಿಂತ ಕಾರು

ರಜೆ ಮುಗಿಸಿ ಮನೆಯವರು ಗಲ್ಫ್‌ಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಕಾರುಗಳು ಅನೇಕ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೆಂದು ಹಲವರು ಭಾವಿಸುತ್ತಾರೆ. ಅಷ್ಟರಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನಂಶ ಸೈಲೆನ್ಸರಿನಲ್ಲೇ ಉಳಿದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಓಡಿಸಲು ತಿಳಿದವರು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದು ಒಳ್ಳೆಯದು. ಅದು ಸಾಧ್ಯವಿಲ್ಲವಾದರೆ ಬ್ಯಾಟರಿಯ ತಂತಿ ಕಳಚಿಡಿಸಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಅದು ಹಾಗೆಯೇ ಅಂಟಿಕೊಳ್ಳಬಹುದು. ಅದರ ಬದಲು ಗೇರಿನಲ್ಲಿರಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲಿಡಿ. ಇಲಿಗಳು ವಯರ್ ಕಡಿಯದಂತೆ ಆಗಾಗ ಬಾನೆಟ್ ತೆರೆದು ನೋಡುತ್ತಿರಿ.

ಮಳೆ ಶುರುವಾದ ಮೇಲೆ

ಒದ್ದೆ ವಾಹನದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ. ಒಳಗೆ ಆವಿ ಕಟ್ಟಿ ತುಕ್ಕು ಬೇಗ ಹಿಡಿಯುತ್ತದೆ. ಮೇಲೆ ಸೂರು, ಸುತ್ತ ಗಾಳಿ ಇದ್ದರೆ ಅದೇ ಉತ್ತಮ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಸೇರಿ ವಿಪರೀತ ಜಾರುತ್ತದೆ. ಆ ದಿನಗಳಲ್ಲಿ ನಿಧಾನವೇ ಕ್ಷೇಮ. ನೀರು ನಿಂತ ಜಾಗ ದಾಟಿದ ಮೇಲೆ ಬ್ರೇಕನ್ನು ಮೆಲ್ಲನೆ ಎರಡು ಮೂರು ಬಾರಿ ಒತ್ತಿ ಒಣಗಿಸಿಕೊಳ್ಳಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಒಳಹೊಕ್ಕು ಎಂಜಿನ್ನೇ ಕೆಡಬಹುದು. ದೂಡಿಕೊಂಡು ಹೊರಗೆ ತಂದು ಮೆಕ್ಯಾನಿಕ್‌ಗೆ ತೋರಿಸಿ.

ಮನೆಯ ಮಾಡು ಸೋರಿದರೆ ಒಂದು ಬಕೆಟ್ ಇಟ್ಟು ಆ ರಾತ್ರಿ ಕಳೆಯಬಹುದು. ತುಕ್ಕು ಹಿಡಿದ ಬ್ರೇಕ್ ಕೇಬಲ್ ಇಳಿಜಾರಿನಲ್ಲಿ ತುಂಡಾದರೆ ಅಂತಹ ಉಪಾಯವಿಲ್ಲ. ಹಿಂದಿನ ಸೀಟಿನಲ್ಲಿ ನಿಮ್ಮ ಮಗು ಇರುತ್ತದೆ. ಈ ಮೇ ತಿಂಗಳಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಹಂಚು, ಸೌದೆಗಳ ಜೊತೆಗೆ ಸ್ಕೂಟರಿನ ಹೆಸರನ್ನೂ ಬರೆದುಕೊಳ್ಳಿ.