ಕಂಪ್ಯೂಟರಿಗೆ ಬೀಳುವ ಕಾಂಡಕೊರಕ: ಟ್ರೋಜನ್ನನ್ನು ಗುರುತಿಸಿ ತೆಗೆಯುವ ಕ್ರಮ

ಕಾಫಿಯ ಬಿಲ್ಲು, ಅಡಿಕೆಯ ಲೆಕ್ಕ, ಪಹಣಿಯ ಪ್ರತಿ, ಬ್ಯಾಂಕಿನ ವ್ಯವಹಾರ ಇವೆಲ್ಲ ಈಗ ಅನೇಕ ಬೆಳೆಗಾರರ ಮನೆಯ ಕಂಪ್ಯೂಟರಿನಲ್ಲಿಯೇ ನಡೆಯುತ್ತಿವೆ. ವರ್ಷದ ಫಸಲಿನ ಹಣವೆಲ್ಲ ಒಂದೇ ಖಾತೆಗೆ ಬಂದು ಸೇರುವ ದಿನಗಳಲ್ಲಿ ಆ ಯಂತ್ರದೊಳಗೆ ಕಳ್ಳನೊಬ್ಬ ಅಡಗಿ ಕುಳಿತಿದ್ದರೆ ಆಗುವ ನಷ್ಟವು ಕೊಳೆರೋಗದ ನಷ್ಟಕ್ಕೆ ಕಡಿಮೆಯದೇನಲ್ಲ. ಆದುದರಿಂದ ಟ್ರೋಜನ್ ಎಂಬ ಈ ಪೀಡೆಯ ವಿಷಯವಾಗಿ ಸದಸ್ಯ ಬಾಂಧವರಿಗೆ ನಾಲ್ಕು ಮಾತು ತಿಳಿಸಬಯಸುತ್ತೇವೆ.

ಟ್ರೋಜನ್ ಎಂದರೇನು?

ಗ್ರೀಕರ ಹಳೆಯ ಕಥೆಯೊಂದರಲ್ಲಿ ಟ್ರಾಯ್ ನಗರದವರು ಶತ್ರುಗಳು ಬಿಟ್ಟುಹೋದ ಮರದ ಕುದುರೆಯನ್ನು ತಾವೇ ಕೋಟೆಯೊಳಕ್ಕೆ ಎಳೆದುಕೊಂಡರು. ರಾತ್ರಿ ಅದರ ಹೊಟ್ಟೆಯಿಂದ ಸೈನಿಕರು ಇಳಿದು ಬಾಗಿಲು ತೆರೆದರು. ಹೆಸರು ಬಂದದ್ದು ಅಲ್ಲಿಂದ. ವೈರಸ್ ಎಂಬುದು ಒಂದು ಫೈಲಿನಿಂದ ಇನ್ನೊಂದಕ್ಕೆ ತನ್ನನ್ನು ತಾನೇ ಅಂಟಿಸಿಕೊಂಡು, ಕೊಳೆರೋಗದಂತೆ ಹರಡುತ್ತದೆ. ಟ್ರೋಜನ್ ಹಾಗಲ್ಲ. ನರ್ಸರಿಯಿಂದ ತಂದ ಗಿಡದ ಮಣ್ಣಿನಲ್ಲಿ ಜಂತುಹುಳು ಅಡಗಿ ಬರುವಂತೆ, ಉಪಯೋಗದ ವಸ್ತುವೆಂದು ನಂಬಿ ನಾವೇ ಅದನ್ನು ಒಳಗೆ ತಂದು ನೆಡುತ್ತೇವೆ.

ಇದು ಹೊಸ ಪಿಡುಗೂ ಅಲ್ಲ. 1989ರಲ್ಲಿ ಏಡ್ಸ್ ರೋಗದ ಮಾಹಿತಿಯೆಂದು ಹೇಳಿ ಸಾವಿರಾರು ಫ್ಲಾಪಿಗಳನ್ನು ಹಲವು ದೇಶಗಳಿಗೆ ಅಂಚೆಯಲ್ಲಿ ಕಳುಹಿಸಲಾಯಿತು. ಅದನ್ನು ಹಾಕಿಕೊಂಡ ಯಂತ್ರ ಸುಮಾರು 90 ಸಲ ಚಾಲೂ ಆದ ಮೇಲೆ ಫೈಲುಗಳ ಹೆಸರುಗಳೆಲ್ಲ ಗೂಢಲಿಪಿಯಾಗಿ, 189 ಡಾಲರನ್ನು ಪನಾಮಾ ದೇಶದ ಅಂಚೆಪೆಟ್ಟಿಗೆಗೆ ಕಳುಹಿಸಬೇಕೆಂಬ ಬೇಡಿಕೆ ಪರದೆಯ ಮೇಲೆ ಬರುತ್ತಿತ್ತು. 2007ರಲ್ಲಿ ಬೆಳಕಿಗೆ ಬಂದ ಜ್ಯೂಸ್ ಎಂಬ ಟ್ರೋಜನ್, ಬ್ಯಾಂಕಿನ ಪುಟದಲ್ಲಿ ಒತ್ತಿದ ಪಾಸ್‌ವರ್ಡನ್ನೇ ಕದಿಯುತ್ತಿತ್ತು. 2014ರಲ್ಲಿ ಕಾಣಿಸಿಕೊಂಡ ಎಮೋಟೆಟ್ ಮುಂದೆ ಬಿಲ್ಲು, ರಸೀದಿಗಳ ವೇಷದಲ್ಲಿ ಇ-ಮೇಲಿನ ಮೂಲಕ ಬರತೊಡಗಿತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಕೂಡಿ ಅದರ ಜಾಲವನ್ನು ಕಿತ್ತುಹಾಕಿದರೂ, ಅದೇ ವರ್ಷದ ನವೆಂಬರಿನಲ್ಲಿ ಅದು ಮತ್ತೆ ಚಿಗುರಿತು.

ಬರುವ ದಾರಿಗಳು

ಹಣ ಕೊಡದೆ ಸಿಗುವ ಲೆಕ್ಕಪತ್ರದ ತಂತ್ರಾಂಶದ ಕಳ್ಳಪ್ರತಿ, ಜಿ.ಎಸ್.ಟಿ. ನೋಟೀಸು ಅಥವಾ ಕೊರಿಯರ್ ಚೀಟಿಯೆಂದು ಬರುವ ಇ-ಮೇಲ್ ಲಗತ್ತು, 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ' ಎಂದು ಹೆದರಿಸುವ ಜಾಹೀರಾತು, ಊರೆಲ್ಲ ಸುತ್ತಿಬಂದ ಪೆನ್‌ಡ್ರೈವ್ ಇವು ಮುಖ್ಯ ದಾರಿಗಳು. ಫೈಲಿನ ಹೆಸರಿನ ಕೊನೆಗೆ ಪಿ.ಡಿ.ಎಫ್. ಎಂದು ಕಂಡರೂ, ಅದರ ಹಿಂದೆ ಇ.ಎಕ್ಸ್.ಇ. ಎಂಬ ನಿಜವಾದ ಬಾಲ ಅಡಗಿರಬಹುದು. ವಿಂಡೋಸ್ ಸಾಮಾನ್ಯವಾಗಿ ಈ ಬಾಲವನ್ನು ತೋರಿಸುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಪಟ್ಟಿಗೆ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕಿದರೆ ಕಾಣುತ್ತದೆ.

ಲಕ್ಷಣಗಳು

ಯಂತ್ರ ನಿಧಾನವಾದ ಮಾತ್ರಕ್ಕೆ ಟ್ರೋಜನ್ ಎನ್ನಲಾಗದು. ಡಿಸ್ಕ್ ತುಂಬಿದ್ದರೂ, ಧೂಳು ಕಟ್ಟಿದ್ದರೂ ಹಾಗಾಗುವುದುಂಟು. ಆದರೆ ರಕ್ಷಣಾ ತಂತ್ರಾಂಶ ತಾನಾಗಿ ನಿಂತುಹೋಗಿ ಮತ್ತೆ ಚಾಲೂ ಆಗದಿರುವುದು, ನಾವು ಹಾಕದ ಪ್ರೋಗ್ರಾಂ ಕಾಣಿಸಿಕೊಳ್ಳುವುದು, ಬ್ಯಾಂಕಿನ ಪುಟ ಎಂದೂ ಕೇಳದ ಕಾರ್ಡಿನ ಪಿನ್ ಕೇಳುವುದು, ನಮ್ಮ ಹೆಸರಿನಲ್ಲಿ ನಾವು ಬರೆಯದ ಇ-ಮೇಲ್ ಹೋಗುವುದು ಇವು ಸಂಶಯಕ್ಕೆ ಎಡೆಕೊಡುವ ಲಕ್ಷಣಗಳು. ಕಾಂಡದೊಳಗಿನ ಹುಳುವಿನಂತೆ ಯಾವ ಲಕ್ಷಣವನ್ನೂ ತೋರದೆ ಇರುವ ಟ್ರೋಜನ್‌ಗಳೂ ಇವೆ.

ಪರೀಕ್ಷಿಸಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಅಪರಿಚಿತ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಆ ಫೈಲು ಇರುವ ಜಾಗವನ್ನು ನೋಡಬಹುದು. 'ಟೆಂಪ್' ಫೋಲ್ಡರಿನಿಂದ ಓಡುತ್ತಿರುವುದು ಸಂಶಯಾಸ್ಪದ. ಆದರೆ ಬರಿಯ ಹೆಸರು ನೋಡಿ ಯಾವುದನ್ನೂ ಅಳಿಸಕೂಡದು. ವಿಂಡೋಸಿನದೇ ಆದ ಅಗತ್ಯದ ಭಾಗಗಳಿಗೂ ವಿಚಿತ್ರ ಹೆಸರುಗಳಿವೆ.

ತೆಗೆಯುವ ಕ್ರಮ

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಟ್ರೋಜನ್ನನ್ನು ತೆಗೆದರೂ ಅದು ಈಗಾಗಲೇ ಕದ್ದೊಯ್ದ ಪಾಸ್‌ವರ್ಡ್ ಹಿಂದಕ್ಕೆ ಬರುವುದಿಲ್ಲ. ಆದುದರಿಂದ ಯಂತ್ರಕ್ಕಿಂತ ಮೊದಲು ಖಾತೆಯನ್ನು ಕಾಯಬೇಕು.

1. ತಕ್ಷಣವೇ ಇಂಟರ್ನೆಟ್ ಸಂಪರ್ಕ ಕಡಿಯಿರಿ.

2. ಬೇರೊಂದು ನಂಬಿಕೆಯ ಮೊಬೈಲ್ ಅಥವಾ ಕಂಪ್ಯೂಟರಿನಿಂದ ಮೊದಲು ಇ-ಮೇಲಿನ, ಅನಂತರ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿರಿ. ಸೋಂಕಿದ ಯಂತ್ರದಲ್ಲಿ ಕುಳಿತು ಬದಲಿಸಿದರೆ ಹೊಸದನ್ನೂ ಕಳ್ಳನ ಕೈಗೆ ಕೊಟ್ಟಂತೆ. ಬ್ಯಾಂಕಿಗೆ ವಿಷಯ ತಿಳಿಸಿರಿ. ಹಣ ಹೋಗಿದ್ದರೆ ಒಡನೆಯೇ 1930 ಸಂಖ್ಯೆಗೆ ಕರೆಮಾಡಿರಿ. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯಲು ಪ್ರತಿ ನಿಮಿಷವೂ ಬೆಲೆಯುಳ್ಳದ್ದು.

3. ಲೆಕ್ಕಪತ್ರ, ಫೋಟೋ ಮುಂತಾದವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿರಿ. ಪ್ರೋಗ್ರಾಂಗಳನ್ನು ನಕಲು ಮಾಡಬೇಡಿ. ಈ ಡಿಸ್ಕನ್ನು ಮುಂದೆ ಸ್ಕ್ಯಾನ್ ಮಾಡಿಯೇ ಬಳಸತಕ್ಕದ್ದು.

4. ರಕ್ಷಣಾ ತಂತ್ರಾಂಶದ ಹೊಸ ವಿವರ ಇಳಿಸಿಕೊಳ್ಳುವಷ್ಟು ಹೊತ್ತು ಮಾತ್ರ ನೆಟ್ ಜೋಡಿಸಿ, ಮತ್ತೆ ಕಡಿಯಿರಿ. ಆ ವೇಳೆ ಯಾವ ಖಾತೆಯನ್ನೂ ತೆರೆಯಕೂಡದು. ಬಳಿಕ ವಿಂಡೋಸ್ ಸೆಕ್ಯೂರಿಟಿಯಲ್ಲಿ 'ಫುಲ್ ಸ್ಕ್ಯಾನ್', ಅದಾದ ಮೇಲೆ 'ಆಫ್‌ಲೈನ್ ಸ್ಕ್ಯಾನ್' ಮಾಡಿರಿ. ಎರಡನೆಯದು ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ, ಓಡುತ್ತಿರುವಾಗ ಅಡಗಿಕೊಳ್ಳುವ ಟ್ರೋಜನ್‌ಗಳೂ ಸಿಕ್ಕಿಬೀಳುತ್ತವೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಸಾಧನಗಳನ್ನು ಒದಗಿಸುತ್ತದೆ.

5. ಲಕ್ಷಣ ಮತ್ತೆ ಕಂಡರೆ ಅಥವಾ ಸಂಶಯ ಉಳಿದರೆ, ಶುದ್ಧವಾದ ಬೇರೆ ಯಂತ್ರದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಿಂದ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಸರಿ. ಬೋರರ್ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡಲು ಹಿಂದೆಮುಂದೆ ನೋಡಿದವರ ಪಕ್ಕದ ಸಾಲು ಏನಾಗುತ್ತದೆಂಬುದು ಬೆಳೆಗಾರರಿಗೆ ಹೇಳಬೇಕಾದ್ದಿಲ್ಲ.

ಮುನ್ನೆಚ್ಚರಿಕೆ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುವವರು ಮುಂದಿನ ಏರ್ಪಾಟು ಮಾಡಿಕೊಳ್ಳುವುದು ಒಳ್ಳೆಯದು. ಬರುವ ಅಪ್‌ಡೇಟುಗಳನ್ನು ಮುಂದೂಡಬೇಡಿ. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಓಡಿಸಿದರೆ ಅವು ಒಂದಕ್ಕೊಂದು ಅಡ್ಡ ಬರುತ್ತವೆ, ಒಂದು ಸಾಕು. ದಾಖಲೆಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಟ್ಟು, ಕೆಲಸ ಮುಗಿದೊಡನೆ ಅದನ್ನು ಬೇರ್ಪಡಿಸಿರಿ. ಫೋನಿನಲ್ಲಿ ಯಾರೋ ಹೇಳಿದರೆಂದು ದೂರದಿಂದ ಯಂತ್ರ ನಡೆಸುವ ತಂತ್ರಾಂಶವನ್ನು ಎಂದಿಗೂ ಹಾಕಿಕೊಳ್ಳಬಾರದು.

ಸಹಕಾರ ಸಂಘದ ಕಂಪ್ಯೂಟರಿನಲ್ಲಿ ಇರುವುದು ಒಬ್ಬರ ಲೆಕ್ಕವಲ್ಲ, ಎಲ್ಲ ಸದಸ್ಯರ ಖಾತೆಯ ವಿವರ. ಆದ್ದರಿಂದ ಕಚೇರಿಗೆ ಪೆನ್‌ಡ್ರೈವ್ ತರುವ ಸದಸ್ಯರು ಮನೆಯಲ್ಲಿಯೇ ಅದನ್ನು ಸ್ಕ್ಯಾನ್ ಮಾಡಿ ತರಬೇಕೆಂದೂ, ಕಚೇರಿಯಲ್ಲಿ ಇನ್ನೊಮ್ಮೆ ಪರೀಕ್ಷಿಸುವಾಗ ಐದು ನಿಮಿಷ ತಾಳ್ಮೆಯಿಂದ ಸಹಕರಿಸಬೇಕೆಂದೂ ಕೋರುತ್ತೇವೆ.