ಪುರಾತನ ಅಡವಿಯಲ್ಲಿ ಅತಿಥಿಗಳಾಗಿ

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಆಸ್ಟ್ರೇಲಿಯದಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ಹೋಗುವ ತಂದೆತಾಯಿಗಳು ಸಿಡ್ನಿ, ಮೆಲ್ಬರ್ನ್ ನಗರಗಳನ್ನು ನೋಡಿ ಹಿಂದಿರುಗುವುದು ರೂಢಿ. ಆ ದೇಶದ ಈಶಾನ್ಯ ಭಾಗದಲ್ಲಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೇರ್ನ್ಸ್ ನಗರದ ಉತ್ತರಕ್ಕೂ ದಕ್ಷಿಣಕ್ಕೂ ಹಬ್ಬಿರುವ ಮಳೆಕಾಡನ್ನು ಕಾಣುವ ಅವಕಾಶ ಒದಗಿದರೆ ಅದನ್ನು ಕಳೆದುಕೊಳ್ಳಬಾರದೆಂದು ನಾವು ಹೇಳಬಯಸುತ್ತೇವೆ. ಅಲ್ಲಿನ ಜಲಪಾತಗಳ ಸೊಬಗು ಇದಕ್ಕೆ ಒಂದು ಕಾರಣ. ಕಾಡಿನಲ್ಲಿ ಮನುಷ್ಯನು ಹೇಗೆ ನಡೆಯಬೇಕೆಂಬುದನ್ನು ಅಲ್ಲಿ ಕಲಿಯಬಹುದೆಂಬುದು ಇನ್ನೊಂದು ಕಾರಣ.

ಆಸ್ಟ್ರೇಲಿಯ ಮತ್ತು ಭಾರತ ಕೋಟ್ಯಂತರ ವರ್ಷಗಳ ಹಿಂದೆ ಗೊಂಡ್ವಾನವೆಂಬ ಒಂದೇ ಮಹಾಭೂಖಂಡದ ಅಂಗಗಳಾಗಿದ್ದವು. ಮಧ್ಯಭಾರತದ ಗೊಂಡರ ನಾಡಿನಿಂದಲೇ ಆ ಹೆಸರು ಬಂದಿದೆ. ಆ ಕಾಲದ ಸಸ್ಯಕುಲಗಳ ಸಂತತಿ ಈ ಕಾಡಿನಲ್ಲಿ ಇನ್ನೂ ಉಳಿದಿದೆ. 1971ರಲ್ಲಿ ಡೇನ್‌ಟ್ರೀ ಪ್ರದೇಶದ ಒಂದು ಹೊಲದಲ್ಲಿ ದನಗಳು ಸತ್ತಾಗ ಅವುಗಳ ಹೊಟ್ಟೆಯಲ್ಲಿ ದೊಡ್ಡ ಬೀಜಗಳು ಕಂಡುಬಂದವು. ಪರೀಕ್ಷಿಸಿದಾಗ ಅವು ಇಡಿಯೊಸ್ಪರ್ಮಮ್ ಎಂಬ ಅತಿ ಪ್ರಾಚೀನ ಹೂಮರದ ಬೀಜಗಳೆಂದು ತಿಳಿಯಿತು. ಸುಮಾರು 8,940 ಚದರ ಕಿಲೋಮೀಟರುಗಳ ಈ ಅರಣ್ಯ ಪ್ರದೇಶ 1988ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪಶ್ಚಿಮಘಟ್ಟಗಳಿಗೆ ಆ ಮನ್ನಣೆ ದೊರೆತದ್ದು 2012ರಲ್ಲಿ.

ಕೇರ್ನ್ಸ್‌ನಿಂದ ಉತ್ತರಕ್ಕೆ ಸುಮಾರು 75 ಕಿಲೋಮೀಟರು ಸಾಗಿದರೆ ಮಾಸ್‌ಮನ್ ಕಮರಿ ಸಿಗುತ್ತದೆ. ಬೃಹದಾಕಾರದ ಬಂಡೆಗಳ ನಡುವೆ ತಿಳಿನೀರಿನ ಹೊಳೆ ಹರಿಯುತ್ತದೆ. ಇದು ಕುಕು ಯಲಂಜಿ ಎಂಬ ಮೂಲನಿವಾಸಿಗಳ ನೆಲ. ಅವರೇ ಮಾರ್ಗದರ್ಶಕರಾಗಿ ಕರೆದೊಯ್ಯುವ ನಡಿಗೆ ಹೊಗೆಯ ಸಂಸ್ಕಾರದಿಂದ ಆರಂಭವಾಗುತ್ತದೆ. ಬಂದವರು ಆ ಹೊಗೆಯನ್ನು ಹಾಯ್ದು ಕಾಡನ್ನು ಪ್ರವೇಶಿಸುತ್ತಾರೆ. ಮನೆಯವರ ಅಪ್ಪಣೆ ಪಡೆದು ಹೊಸ್ತಿಲು ದಾಟುವ ಸಂಸ್ಕಾರದಲ್ಲಿ ಬೆಳೆದ ನಮಗೆ ಇದು ಸಹಜವೆನಿಸಿತು. 2021ರಲ್ಲಿ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನವನ್ನು ಸರ್ಕಾರ ಪೂರ್ವ ಕುಕು ಯಲಂಜಿ ಜನರಿಗೆ ಹಿಂದಿರುಗಿಸಿತು. ತಲೆಮಾರುಗಳಿಂದ ಕಾಡನ್ನು ಬಲ್ಲವರು ಈಗ ಸರ್ಕಾರದೊಡನೆ ಸೇರಿ ಅದನ್ನು ನೋಡಿಕೊಳ್ಳುತ್ತಿದ್ದಾರೆ.

ಇನ್ನೂ ಉತ್ತರಕ್ಕೆ, ಡೇನ್‌ಟ್ರೀ ನದಿಯನ್ನು ದಾಟಿದ ಮೇಲೆ, ಮರ್ಜ ಎಂಬಲ್ಲಿ ನೆಲದಿಂದ ಮೇಲೆತ್ತಿ ಕಟ್ಟಿದ ಹಲಗೆಯ ಕಾಲುದಾರಿಯಿದೆ. ಅದು ಮಳೆಕಾಡಿನಿಂದ ಕಾಂಡ್ಲಾ ವನದವರೆಗೆ ಒಯ್ಯುತ್ತದೆ. ಮಳೆಕಾಡಿನ ಮರಗಳ ಬೇರು ಬಹುಪಾಲು ನೆಲದ ಮೇಲ್ಪದರದಲ್ಲಿಯೇ ಹರಡಿರುತ್ತದೆ. ದಿನವೂ ಜನ ತುಳಿದರೆ ಮಣ್ಣು ಬಿಗಿದು ಮೊಳಕೆಗಳು ಸಾಯುತ್ತವೆ. ಹಲಗೆಯ ದಾರಿ ಕಾಡನ್ನು ನಮ್ಮ ಪಾದಗಳಿಂದ ಕಾಯುತ್ತದೆ, ನಮ್ಮನ್ನೂ ಕಾಯುತ್ತದೆ. ಗಿಂಪಿ ಗಿಂಪಿ ಎಂಬ ಗಿಡದ ಎಲೆ ಸೋಕಿದರೆ ನೋವು ವಾರಗಟ್ಟಲೆ ಕಾಡುವುದುಂಟು. ನಮ್ಮ ತುರಚಿ ಗಿಡ ಅದರ ಮುಂದೆ ಏನೂ ಅಲ್ಲ.

ಜಲಪಾತಗಳನ್ನು ಕಾಣಲು ಕೇರ್ನ್ಸ್‌ನ ದಕ್ಷಿಣಕ್ಕೆ ಹೋಗಬೇಕು. ಅಲ್ಲಿನ ಬೆಲೆಂಡನ್ ಕೆರ್ ಶಿಖರದಲ್ಲಿ ವರ್ಷಕ್ಕೆ ಸರಾಸರಿ 8,000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಆಗುಂಬೆಯ ಮಳೆ ಕಂಡವರು ಇದನ್ನು ಊಹಿಸಬಲ್ಲರು. ಮಿಲ್ಲಾ ಮಿಲ್ಲಾ ಜಲಪಾತ 18 ಮೀಟರು ಎತ್ತರದಿಂದ ನೇರವಾಗಿ ಇಳಿಯುತ್ತದೆ. ಅದಕ್ಕೆ ದೂರವಲ್ಲದ ಮಾಮು ಎಂಬಲ್ಲಿ ಮರಗಳ ತಲೆಯ ಮಟ್ಟದಲ್ಲಿ 350 ಮೀಟರು ಉದ್ದದ ಸೇತುದಾರಿಯೂ 37 ಮೀಟರು ಎತ್ತರದ ಗೋಪುರವೂ ಇವೆ. 2006ರ ಲ್ಯಾರಿ ಚಂಡಮಾರುತ ಮರಗಳನ್ನುರುಳಿಸಿ ಬಯಲು ಮಾಡಿದ್ದ ಜಾಗಗಳನ್ನೇ ಬಳಸಿಕೊಂಡು, ಹೊಸದಾಗಿ ಕಡಿಯುವುದನ್ನು ಆದಷ್ಟು ತಪ್ಪಿಸಿ ಇದನ್ನು ಕಟ್ಟಿದರು.

ಈ ಕಾಡಿನ ದೊಡ್ಡ ದಾಸೋಹಿ ಕ್ಯಾಸೊವರಿ ಎಂಬ ಪಕ್ಷಿ. ಆಳೆತ್ತರದ ಈ ಪಕ್ಷಿಗೆ ಹಾರಲು ಬಾರದು. ಉದುರಿದ ಹಣ್ಣುಗಳನ್ನು ಇಡಿಯಾಗಿ ನುಂಗಿ, ಬೀಜಗಳನ್ನು ದೂರದೂರಕ್ಕೆ ಒಯ್ದು ಬಿತ್ತುತ್ತದೆ. ಮೊಟ್ಟೆಗೆ ಕಾವು ಕೊಟ್ಟು ಮರಿಗಳನ್ನು ಸಲಹುವುದು ಗಂಡುಪಕ್ಷಿಯ ಕಾಯಕ. ಇದಕ್ಕೆ ತಿನಿಸು ನೀಡುವುದನ್ನು ಅಲ್ಲಿ ಕಾನೂನು ನಿಷೇಧಿಸಿದೆ. ಅನ್ನವಿಕ್ಕುವುದನ್ನೇ ಪುಣ್ಯವೆಂದು ನಂಬಿದ ನಮ್ಮ ತಾಯಂದಿರಿಗೆ ಇದು ಕಠೋರವಾಗಿ ತೋರಬಹುದು. ಆದರೆ ಮನುಷ್ಯನ ಕೈತುತ್ತಿಗೆ ಒಗ್ಗಿದ ಹಕ್ಕಿ ರಸ್ತೆಯಂಚಿಗೆ ಬಂದು ವಾಹನಕ್ಕೆ ಬಲಿಯಾಗುತ್ತದೆ. ಹೆದರಿಕೆ ಕಳೆದುಕೊಂಡು ಜನರ ಮೇಲೆ ಎರಗುವುದೂ ಉಂಟು. ದಯೆಗೆ ವಿವೇಕ ಜೊತೆಯಾಗಬೇಕು. ಘಟ್ಟದ ರಸ್ತೆಗಳಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಬಿಸ್ಕತ್ತು ಎಸೆಯುವ ನಾವೆಲ್ಲರೂ ಇದನ್ನು ಯೋಚಿಸಬೇಕು.

ಹೋಗುವವರಿಗೆ ಕೆಲವು ಸೂಚನೆಗಳು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಕಡಿಮೆ. ಹಿರಿಯರಿಗೆ ಅದೇ ಅನುಕೂಲದ ಕಾಲ. 2023ರ ಡಿಸೆಂಬರಿನಲ್ಲಿ ಜಾಸ್ಪರ್ ಚಂಡಮಾರುತದ ಮಳೆಯಿಂದ ಗುಡ್ಡ ಕುಸಿದು ರಸ್ತೆಗಳು ಹಾಳಾದವು. ಆದ್ದರಿಂದ ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸಬೇಕು. ತಗ್ಗಿನ ಹೊಳೆಗಳಲ್ಲಿಯೂ ಕಡಲಂಚಿನಲ್ಲಿಯೂ ಮೊಸಳೆಗಳಿವೆ. ಬೆಟ್ಟದಲ್ಲಿ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ಜಲಪಾತದ ನೀರು ಹಠಾತ್ತನೆ ಏರುತ್ತದೆ. ಬಬಿಂಡ ಎಂಬಲ್ಲಿನ ಬಂಡೆಗಳ ನಡುವಿನ ಮಡುವುಗಳಲ್ಲಿ ಎಚ್ಚರಿಕೆಯ ಫಲಕ ಮೀರಿದ ಎಷ್ಟೋ ತರುಣರು ಪ್ರಾಣ ಕಳೆದುಕೊಂಡಿದ್ದಾರೆ.

ಪ್ರತಿ ಮಳೆಗಾಲದಲ್ಲಿಯೂ ನಮ್ಮ ನಾಡಿನ ಜಲಪಾತಗಳಿಂದ ಇಂತಹದೇ ಸುದ್ದಿ ಬರುತ್ತದೆ. ಜಾರುವ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಲು ಹೋದ ಮಗ ಮನೆಗೆ ಮರಳುವುದಿಲ್ಲ. ಜೋಗಕ್ಕೋ ಉಂಚಳ್ಳಿಗೋ ಹೊರಡುವ ಕುಟುಂಬಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಕಟಕಟೆಯ ಈಚೆಗೇ ನಿಲ್ಲಿರಿ, ಒಯ್ದ ಬುತ್ತಿಯ ಕಾಗದ, ಬಾಟಲಿಗಳನ್ನು ಮರಳಿ ತನ್ನಿರಿ, ಮಕ್ಕಳಿಗೆ ಇದನ್ನು ಹೊರಡುವ ಮುನ್ನವೇ ಹೇಳಿಕೊಡಿರಿ.