ಕಣಜದ ಗೂಡಿನಲ್ಲಿ ಅಧಿಕಾರ ಹಸ್ತಾಂತರ

ನಮ್ಮ ಮನೆಯ ಕಿಟಕಿಯ ಸಜ್ಜೆಯ ಕೆಳಗೆ ಅಂಗೈಯಗಲದ ಒಂದು ಕಣಜದ ಗೂಡಿದೆ. ಕಳೆದ ತಿಂಗಳು ಸುಣ್ಣಬಣ್ಣಕ್ಕೆಂದು ಬಂದ ಮೇಸ್ತ್ರಿ ಅದನ್ನು ಸುಡಲು ಕೋಲಿಗೆ ಬಟ್ಟೆ ಸುತ್ತುತ್ತಿದ್ದ. ನಾನು ತಡೆದೆ. ಜೀವನದ ಬಹುಭಾಗವನ್ನು ಸರ್ಕಾರಿ ಸೇವೆಯಲ್ಲಿ ಕಳೆದ ನನಗೆ, ಆಡಳಿತದ ಒಂದು ಪಾಠವನ್ನು ತಡವಾಗಿಯಾದರೂ ಕಲಿಸಿದ್ದು ಈ ಹುಳುಗಳೇ.

ಇವುಗಳ ಶಾಸ್ತ್ರೀಯ ನಾಮ ರೋಪಾಲಿಡಿಯಾ ಮಾರ್ಜಿನೇಟಾ. ಸಸ್ಯದ ನಾರನ್ನು ಅಗಿದು, ಜೊಲ್ಲಿನೊಂದಿಗೆ ಕಲಸಿ, ಕಾಗದದಂತಹ ಗೂಡು ಕಟ್ಟುವ ಕಣಜಗಳಿವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗ್ಕರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಇವುಗಳನ್ನು ಅಭ್ಯಸಿಸಿ, ನಮ್ಮ ಸೂರಿನಡಿಯ ಈ ಕೀಟವನ್ನು ಜಗತ್ತಿನ ಜೀವವಿಜ್ಞಾನಕ್ಕೆ ಪರಿಚಯಿಸಿದರು.

ಜೇನಿನ ರಾಣಿಯನ್ನು ಅದರ ಮೈಕಟ್ಟಿನಿಂದಲೇ ಗುರುತಿಸಬಹುದು. ಇಲ್ಲಿ ರಾಣಿಗೂ ಕೆಲಸಗಾರ್ತಿಗೂ ರೂಪದಲ್ಲಿ ವ್ಯತ್ಯಾಸವಿಲ್ಲ. ಇದರ ಹಲವು ಬಂಧು ಪ್ರಭೇದಗಳಲ್ಲಿ ರಾಣಿ ಇತರರನ್ನು ಕಚ್ಚಿ, ಬೆದರಿಸಿ ಆಳುತ್ತದೆ. ಈ ರಾಣಿಯಾದರೋ ಸಾಧು. ಮೊಟ್ಟೆಯಿಡುವುದು ಅದರ ಕೆಲಸ; ತಾನಿದ್ದೇನೆ ಎಂಬುದನ್ನು ಮೈಯ ಗಂಧದಿಂದಲೇ ತಿಳಿಸುತ್ತದೆ. ಆಹಾರ ತರಲು ಹೊರಡಬೇಕಾದವರನ್ನು ಹೊರಡಿಸುವ ಹೊಣೆ ಕೆಲಸಗಾರ್ತಿಯರದೇ. ತಪಾಸಣೆಯಿಲ್ಲ, ಸುತ್ತೋಲೆಯಿಲ್ಲ, ಆದರೂ ಮರಿಗಳು ಹಸಿದಿರುವುದಿಲ್ಲ.

ಕುತೂಹಲ ಹುಟ್ಟುವುದು ರಾಣಿಯನ್ನು ಗೂಡಿನಿಂದ ತೆಗೆದಾಗ. ಸ್ವಲ್ಪ ಹೊತ್ತಿನಲ್ಲೇ ಒಂದು ಕೆಲಸಗಾರ್ತಿ, ಒಂದೇ ಒಂದು, ಉಗ್ರವಾಗುತ್ತದೆ. ಯಾರೂ ಅದಕ್ಕೆ ಎದುರಾಡುವುದಿಲ್ಲ. ದಿನ ಕಳೆದಂತೆ ಅದರ ಆರ್ಭಟ ತಗ್ಗುತ್ತದೆ; ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡತೊಡಗಿ, ಅದೂ ಸಾಧು ರಾಣಿಯಾಗುತ್ತದೆ. ರಾಣಿಯಿರುವಾಗ ಈ ಉತ್ತರಾಧಿಕಾರಿ ಯಾರೆಂದು ಅದರ ನಡವಳಿಕೆಯಿಂದ ಸಂಶೋಧಕರು ಹೇಳಲಾರರು. ಆದರೆ ಕಣಜಗಳಿಗೆ ಅದು ಗೊತ್ತಿರುತ್ತದೆ ಎಂಬುದನ್ನು 2008ರಲ್ಲಿ ಪ್ರಕಟವಾದ ಅವರ ಪ್ರಯೋಗ ಸೂಚಿಸಿತು. ಒಂದರ ನಂತರ ಒಂದು ರಾಣಿಯನ್ನು ತೆಗೆದರೂ ಉತ್ತರಾಧಿಕಾರದ ಸರದಿ ಜಗಳವಿಲ್ಲದೆ ಸಾಗುತ್ತದೆಂದು 2012ರ ಅಧ್ಯಯನ ತೋರಿಸಿತು.

ತಾನೇ ರಾಣಿಯಾಗಬಲ್ಲ ಹುಳು ಪರರ ಮರಿಗಳಿಗಾಗಿ ದುಡಿಯುವುದೇಕೆ? ಬಂಧುಗಳ ಸಂತತಿಯನ್ನು ಬೆಳೆಸುವುದೂ ತನ್ನ ವಂಶವಾಹಿಗಳನ್ನು ಮುಂದೊಯ್ಯುವ ಮಾರ್ಗವೇ ಎಂದು ಬ್ರಿಟಿಷ್ ವಿಜ್ಞಾನಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ 1964ರಲ್ಲಿ ವಿವರಿಸಿದರು. ಆದರೆ ಈ ಗೂಡಿನಲ್ಲಿ ರಾಣಿಯರು ಬದಲಾಗುತ್ತಿರುವುದರಿಂದ ನಂಟು ಅಷ್ಟೇನೂ ಹತ್ತಿರದ್ದಲ್ಲ. ಗದಗ್ಕರ್ ಇನ್ನೊಂದು ಕಾರಣವನ್ನು ಮುಂದಿಟ್ಟರು. ಅರ್ಥಶಾಸ್ತ್ರ ಓದಿದ ನನಗೆ ಅದು ವಿಮೆಯ ತತ್ವದಂತೆ ಕಾಣುತ್ತದೆ. ಒಂಟಿಯಾಗಿ ಗೂಡು ಕಟ್ಟಿದ ಕಣಜ ನಡುವೆ ಸತ್ತರೆ, ಅರ್ಧ ಬೆಳೆದ ಮರಿಗಳೆಲ್ಲ ನಾಶ. ಗುಂಪಿನಲ್ಲಿದ್ದು ಸತ್ತರೆ, ಅದು ಬಿಟ್ಟ ಕೆಲಸವನ್ನು ಮತ್ತೊಂದು ಮುಗಿಸುತ್ತದೆ. ಮಾಡಿದಷ್ಟು ಕೆಲಸ ವ್ಯರ್ಥವಾಗದು.

ಇದನ್ನು ಓದಿದಾಗ ಒಂದು ಹಳೆಯ ನೋವು ಮರುಕಳಿಸಿತು. ಜಿಲ್ಲೆಯೊಂದರಲ್ಲಿದ್ದಾಗ ಕೆರೆಗಳ ಹೂಳೆತ್ತುವ ಕೆಲಸವನ್ನು ಬಹಳ ಹುಮ್ಮಸ್ಸಿನಿಂದ ಕೈಗೆತ್ತಿಕೊಂಡಿದ್ದೆ. ಪ್ರತಿ ಕಡತವೂ ನನ್ನ ಮೇಜಿಗೇ ಬರಬೇಕು, ಪ್ರತಿ ತೀರ್ಮಾನವೂ ನನ್ನದೇ ಆಗಬೇಕು ಎಂಬ ಹಠ. ಕೆಲಸ ಅರ್ಧದಲ್ಲಿದ್ದಾಗ ವರ್ಗಾವಣೆಯಾಯಿತು. ಎರಡು ವರ್ಷಗಳ ನಂತರ ಆ ದಾರಿಯಲ್ಲಿ ಹೋದಾಗ, ದಂಡೆಯ ಮೇಲೆ ಗುಡ್ಡೆ ಹಾಕಿದ್ದ ಹೂಳು ಮಳೆಗೆ ಕರಗಿ ಪುನಃ ಕೆರೆಗೇ ಇಳಿಯುತ್ತಿತ್ತು. ನನ್ನ ನಂತರ ಬಂದವರನ್ನು ಬಹುಕಾಲ ಮನಸ್ಸಿನಲ್ಲೇ ದೂಷಿಸಿದೆ. ನಿಜವಾಗಿ ದೂಷಣೆಗೆ ಅರ್ಹನಾದವನು ನಾನೇ. ನಾನಿಲ್ಲದೆಯೂ ನಡೆಯುವಂತೆ ಆ ಕೆಲಸವನ್ನು ನಾನು ರೂಪಿಸಿರಲಿಲ್ಲ. ನನ್ನಿಂದಲೇ ಎಲ್ಲವೂ ನಡೆಯುತ್ತಿದೆ ಎಂಬುದನ್ನು ದಕ್ಷತೆಯೆಂದು ಭಾವಿಸಿದ್ದೆ.

ಕೀಟಗಳಿಂದ ಮನುಷ್ಯರಿಗೆ ನೀತಿ ಹೇಳಿಸುವುದರಲ್ಲಿ ಅಪಾಯವಿದೆ ಎಂಬುದನ್ನು ಬಲ್ಲೆ. ಖಾಸಗಿ ದುರ್ಗುಣಗಳಿಂದಲೇ ಸಾರ್ವಜನಿಕ ಹಿತವೆಂದು ಸಾಧಿಸಲು ಬರ್ನಾರ್ಡ್ ಮ್ಯಾಂಡೆವಿಲ್ 1714ರ ತನ್ನ ಕೃತಿಯಲ್ಲಿ ಜೇನುಗೂಡನ್ನೇ ಬಳಸಿಕೊಂಡ. ಯಾರೂ ಪ್ರಶ್ನಿಸದ ಉತ್ತರಾಧಿಕಾರಿ ಕಣಜಗಳಿಗೆ ಒಪ್ಪಬಹುದು, ಪ್ರಜಾಪ್ರಭುತ್ವಕ್ಕೆ ಒಪ್ಪದು. ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಮುಂದುವರಿಸುವ ವ್ಯವಸ್ಥೆ ನಮಗೂ ಬೇಕಲ್ಲವೇ?

ಆ ಸಜ್ಜೆಯೊಂದನ್ನು ಬಿಟ್ಟು ಉಳಿದೆಡೆ ಬಣ್ಣ ಬಳಿಯಲು ಮೇಸ್ತ್ರಿಗೆ ಹೇಳಿದೆ. ನಿನ್ನೆ ನೋಡಿದಾಗ ಗೂಡಿನ ಅಂಚಿಗೆ ಕೆಲವು ಹೊಸ ಕೋಶಗಳು ಸೇರಿದ್ದವು. ಒಳಗಿರುವುದು ಹಳೆಯ ರಾಣಿಯೋ ಹೊಸದೋ, ನನಗೆ ತಿಳಿಯಲಿಲ್ಲ.